ಗುರುಪಾದಸ್ವಾಮಿಯ ಊಟದ ಕರೆ

ಬೇಗೂರಿನಲ್ಲಿ ಒಬ್ಬರನ್ನು ಊಟಕ್ಕೆ ಕರೆಯುವುದೆಂದರೆ ಕಾರ್ಡು ಕೊಟ್ಟು ಕೈ ಮುಗಿದು ಬಂದಷ್ಟು ಸುಲಭವಲ್ಲ. ಕಾರ್ಡು ಕೊಟ್ಟದ್ದು ಕಾರ್ಡಿನ ಲೆಕ್ಕಕ್ಕೆ. ಎಲೆ ಹಾಕುವ ಹೊತ್ತಿಗೆ ಮನೆಯವರೊಬ್ಬರು ಬಾಗಿಲಿಗೆ ಬಂದು ‘ಊಟಕ್ಕೆ ಏಳಿ’ ಎಂದು ಇನ್ನೊಂದು ಸಲ ಕರೆಯಬೇಕು. ಅಲ್ಲಿಯತನಕ ಕರೆಸಿಕೊಂಡವರು ಇಸ್ತ್ರಿ ಮಾಡಿದ ಪಂಚೆ ಉಟ್ಟು, ಬೆಳಗಿನ ತಿಂಡಿಯನ್ನು ಅರ್ಧಕ್ಕೇ ನಿಲ್ಲಿಸಿ, ಒಗ್ಗರಣೆಯ ಘಮ ಮೂಗಿಗೆ ಬಂದು ಬಡಿದರೂ ಏನೂ ತಿಳಿಯದವರ ಹಾಗೆ ಜಗುಲಿಯ ಮೇಲೆ ಕೂತಿರುತ್ತಾರೆ. ಕರೆಯದೆ ಎದ್ದು ಹೋದರೆ ಮನೆಯಲ್ಲಿ ಊಟಕ್ಕೆ ಗತಿಯಿಲ್ಲದವನು ಎಂದಾಗುತ್ತದೆ. ಕರೆದ ಮೇಲೂ ಏಳದಿದ್ದರೆ ಸೊಕ್ಕಿನವನು ಎಂದಾಗುತ್ತದೆ. ಊರಿನ ಮರ್ಯಾದೆಯೆಲ್ಲ ಈ ಎರಡರ ನಡುವಿನ ಸಂದಿಯಲ್ಲಿ ಉಸಿರು ಬಿಗಿಹಿಡಿದು ನಿಂತಿದೆ.

ಹೀಗೆ ಮನೆಮನೆಗೆ ನಡೆದು ಕರೆಯುವ ಕೆಲಸ ಶಿವಮಲ್ಲಪ್ಪನವರ ಮನೆಯಲ್ಲಿ ಅಳಿಯನ ಪಾಲಿನದು. ಅಳಿಯನ ಹೆಸರು ಗುರುಪಾದಸ್ವಾಮಿ. ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿನ ಹಿಂದೆ ಅವನದೊಂದು ಆನ್‌ಲೈನ್ ಸೆಂಟರು. ಪಹಣಿ ತೆಗೆದುಕೊಡುವುದು, ಪರೀಕ್ಷೆಯ ಫಲಿತಾಂಶ ನೋಡಿ ಹೇಳುವುದು, ಆಧಾರ್ ಕಾರ್ಡನ್ನು ಜೆರಾಕ್ಸ್ ಮಾಡುವುದು, ಇಷ್ಟರಲ್ಲಿ ಅವನ ಸಂಸಾರ ಸುಖವಾಗಿಯೇ ಸಾಗಿತ್ತು. ಆದರೆ ಸುಖವಾಗಿರುವ ಮನುಷ್ಯನಿಗೆ ಸುಮ್ಮನಿರುವುದು ಕಷ್ಟ. ನಲವತ್ತು ದಾಟಿದ ಮೇಲೆ ಅವನಿಗೆ ವೆಬ್‌ಸೈಟ್ ಕಟ್ಟುವುದನ್ನು ಕಲಿಯಬೇಕೆನಿಸಿ, ಭಾನುವಾರ ಬಂದರೆ ಬಸ್ಸು ಹತ್ತಿ ಚಾಮರಾಜನಗರದ ಒಂದು ಕಂಪ್ಯೂಟರ್ ತರಗತಿಗೆ ಹೋಗತೊಡಗಿದ. ವಿದ್ಯೆ ತಲೆಗೆ ಹತ್ತುವ ಮೊದಲೇ ಗುರುತಿನ ಚೀಟಿ ಕೊರಳಿಗೆ ಬಿತ್ತು. ಅಂಗಡಿಯ ಬೋರ್ಡಿನಲ್ಲಿ ‘ಜೆರಾಕ್ಸ್’ ಎಂಬುದರ ಮೇಲೆ ಬಣ್ಣ ಬಳಿಸಿ ‘ಸಾಫ್ಟ್‌ವೇರ್’ ಎಂದು ಬರೆಸಿದ. ಬಿಸಿಲು ಬಿದ್ದಾಗ ಬಣ್ಣದ ಕೆಳಗಿನಿಂದ ಜೆರಾಕ್ಸ್ ಇಣುಕಿ ನೋಡುತ್ತಿತ್ತು.

ತರಗತಿಯಲ್ಲಿ ಪಾಠ ಹೇಳುತ್ತಿದ್ದವಳು ಭವ್ಯ ಎಂಬ ಹುಡುಗಿ. ಗುರುಪಾದಸ್ವಾಮಿಗಿಂತ ಹದಿನೈದು ವರ್ಷಕ್ಕಾದರೂ ಚಿಕ್ಕವಳು. ಅವನು ಅವಳನ್ನು ಮೇಡಂ ಎನ್ನುತ್ತಿದ್ದ, ಅವಳು ಅವನನ್ನು ಸರ್ ಎನ್ನುತ್ತಿದ್ದಳು. ಹೀಗಾಗಿ ಆ ತರಗತಿಯಲ್ಲಿ ಯಾರು ಯಾರಿಗೆ ಕಲಿಸುತ್ತಿದ್ದಾರೆಂದು ಹೊಸಬರಿಗೆ ತಕ್ಷಣ ತಿಳಿಯುತ್ತಿರಲಿಲ್ಲ. ಒಂದು ಭಾನುವಾರ ಅವಳು ಅಬ್ಸರ್ವರ್ ಪ್ಯಾಟರ್ನ್ ಎಂಬ ಪಾಠ ತೆಗೆದಳು. ಒಂದು ಆಬ್ಜೆಕ್ಟ್ ಇದೆ, ಅದರ ಸ್ಥಿತಿ ಆಗಾಗ ಬದಲಾಗುತ್ತದೆ. ಆ ಬದಲಾವಣೆಗಾಗಿ ಕಾದು ಕೂತವರು ಹಲವರಿದ್ದಾರೆ, ಅವರೇ ಅಬ್ಸರ್ವರುಗಳು. ಅವರು ಗಳಿಗೆಗೊಮ್ಮೆ ಬಂದು ‘ಆಯಿತಾ, ಆಯಿತಾ’ ಎಂದು ಕೇಳಿ ಪ್ರಾಣ ತಿನ್ನಬೇಕಾಗಿಲ್ಲ. ಒಂದು ಸಲ ಹೆಸರು ಬರೆಸಿ ತಮ್ಮ ಪಾಡಿಗೆ ಇದ್ದರೆ ಸಾಕು, ಸ್ಥಿತಿ ಬದಲಾದ ಕೂಡಲೇ ಆ ಆಬ್ಜೆಕ್ಟೇ ಪಟ್ಟಿಯಲ್ಲಿದ್ದವರಿಗೆಲ್ಲ ಸುದ್ದಿ ಮುಟ್ಟಿಸುತ್ತದೆ. ಇಷ್ಟು ಹೇಳಿ ಅವಳು ಉದಾಹರಣೆಗೆ ಹವಾಮಾನ ಕೇಂದ್ರದ ಚಿತ್ರ ಬರೆದಳು. ಹುಡುಗರು ಆಕಳಿಸಿದರು.

ಗುರುಪಾದಸ್ವಾಮಿ ಮಾತ್ರ ಎದ್ದು ನಿಂತ. “ಮೇಡಂ, ಇದು ನಮ್ಮ ಮಾವನೂರಿನ ಊಟದ ಕರೆ. ಅನ್ನ ಬೆಂದಿದೆಯಾ ಅಂತ ಯಾರೂ ಬಂದು ಕೇಳಲ್ಲ. ಮನೇಲಿ ಕೂತಿರ್ತಾರೆ. ಬೆಂದ ಮೇಲೆ ನಾವೇ ಹೋಗಿ ಕರೀತೀವಿ.”

ಭವ್ಯ ಬೆರಗಾಗಿ, ಪುಸ್ತಕದಲ್ಲಿ ಕೊಟ್ಟಿರುವುದಕ್ಕಿಂತ ಈ ಉದಾಹರಣೆಯೇ ಚೆನ್ನಾಗಿದೆ ಎಂದುಬಿಟ್ಟಳು. ಆ ಹೊಗಳಿಕೆಯೇ ಅವನಿಗೆ ಮುಳುವಾಯಿತು. ಒಬ್ಬನೇ ಎರಡು ಸಲ ಹೆಸರು ಬರೆಸಿದರೆ ಏನು ಮಾಡಬೇಕು, ಬೇಡವೆಂದವನ ಹೆಸರು ತೆಗೆಯುವುದು ಹೇಗೆ ಎಂದು ಅವಳು ಆಮೇಲೆ ಅರ್ಧ ಗಂಟೆ ಬಿಡಿಸಿ ಹೇಳಿದಳು. ಅಷ್ಟು ಹೊತ್ತೂ ಗುರುಪಾದಸ್ವಾಮಿ ಕಿಟಕಿಯಾಚೆ ನೋಡುತ್ತ ತನ್ನನ್ನು ಹೊಗಳಿದ ಮಾತನ್ನೇ ಮನಸ್ಸಿನಲ್ಲಿ ಮೆಲುಕು ಹಾಕುತ್ತಿದ್ದ.

ಅದೇ ಹೊತ್ತಿಗೆ ಶಿವಮಲ್ಲಪ್ಪನವರು ಬೇಗೂರಿನಲ್ಲಿ ಊಟಿ ರಸ್ತೆಗೆ ಮುಖ ಮಾಡಿ ಹೊಸ ಮನೆ ಕಟ್ಟಿಸಿ ಮುಗಿಸಿದ್ದರು. ಅರಿಶಿನ ಬೆಳೆದು, ಈರುಳ್ಳಿ ಮಾರಿ ಕಟ್ಟಿದ ಮನೆ. ತೇಗದ ಬಾಗಿಲು, ಬಾಗಿಲಿನ ಮೇಲೆ ಕೆತ್ತಿದ ನಂದಿ, ಮುಂದುಗಡೆ ರಸ್ತೆಗೆ ತೆರೆಯುವ ಒಂದು ಅಂಗಡಿ ಕೋಣೆ. ಆ ಕೋಣೆಯ ಮೇಲೆ ಇಬ್ಬರ ಕಣ್ಣಿತ್ತು. ಒಬ್ಬ, ಗೊಬ್ಬರದಂಗಡಿಯ ಕರಿಬಸವಯ್ಯ. ಮೂಟೆ ಇಡಲು ಅವನಿಗೆ ಜಾಗ ಸಾಲದಾಗಿತ್ತು. ಇನ್ನೊಬ್ಬ ನಮ್ಮ ಗುರುಪಾದಸ್ವಾಮಿ. ಕೇರಳದ ಕಡೆಗೆ ಹೋಗುವ ಕಾರುಗಳೆಲ್ಲ ಕಾಣುವ ಹಾಗೆ ಅಲ್ಲಿ ‘ಗುರುಪಾದ ವೆಬ್ ಸೊಲ್ಯೂಷನ್ಸ್’ ಎಂದು ಬೋರ್ಡು ಹಾಕಿ, ತಿರುಗುವ ಕುರ್ಚಿಯ ಮೇಲೆ ಕೂರಬೇಕೆಂದು ಅವನಿಗೆ ಬಲು ಆಸೆಯಿತ್ತು. ಆ ಕೋಣೆ ಸಿಗದಿದ್ದರೆ ತನ್ನ ಬಾಳೆಲ್ಲ ಬಸ್‌ಸ್ಟ್ಯಾಂಡಿನ ಹಿಂದೆ ಪಹಣಿ ತೆಗೆಯುವುದರಲ್ಲೇ ಕಳೆದುಹೋಗುತ್ತದೆಂದು ಅವನು ನಿಜವಾಗಿಯೂ ಹೆದರಿದ್ದ.

ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ದಿನ ಗೊತ್ತಾದ ಮೇಲೆ ಮಾವ ಅಳಿಯನನ್ನು ಕರೆಸಿದರು. ಶಿವಮಲ್ಲಪ್ಪನವರಿಗೆ ಅಳಿಯನ ಮೇಲೆ ಪ್ರೀತಿ ಇದ್ದ ದಿನ ಬಹುವಚನ ಇರುತ್ತಿತ್ತು, ಸಿಟ್ಟು ಬಂದ ದಿನ ಏಕವಚನ. ಅಂದು ಬಹುವಚನವಿತ್ತು.

“ಅಳಿಯಂದ್ರೇ, ಒಕ್ಕಲ ದಿನ ಊಟುಕ್ಕೆ ಕರಿಯೋದು ನಿಮ್ ಪಾಲು. ಕೆಳಗ್ಲು ಬೀದಿಯಿಂದ ಸುರು ಮಾಡಿ, ಯಾರ್ನೂ ಬುಡಬ್ಯಾಡಿ.”

ಗುರುಪಾದಸ್ವಾಮಿ ಕೊರಳ ಚೀಟಿಯನ್ನು ನೆಟ್ಟಗೆ ಮಾಡಿಕೊಂಡ. ಸಾಫ್ಟ್‌ವೇರಿನವನು ಬೆವರು ಸುರಿಸಿಕೊಂಡು ಬೀದಿಬೀದಿ ಕೂಗುತ್ತ ಹೋದರೆ ನೋಡಿದವರು ಏನೆಂದಾರು ಎಂದ. ತಾನು ಕೂತಲ್ಲಿಂದಲೇ, ಒಂದೇ ಒಂದು ಗುಂಡಿ ಒತ್ತಿ, ಊರಿಗೆ ಊರನ್ನೇ ಊಟಕ್ಕೆ ಎಬ್ಬಿಸುವುದಾಗಿ ಸಾರಿದ. ಅತ್ತೆ ಪುಟ್ಟಬಸಮ್ಮ ಬೇಳೆ ಆರಿಸುತ್ತಿದ್ದವರು ತಲೆಯೆತ್ತಿ, ಕಾಲಿಗೇನಾದರೂ ಆಗಿದೆಯಾ ಎಂದು ಮಗಳು ನಾಗಲಕ್ಷ್ಮಿಯನ್ನು ಮೆಲ್ಲಗೆ ಕೇಳಿದರು. ನಾಗಲಕ್ಷ್ಮಿ ಗಂಡನ ತಲೆಯ ಕಡೆ ಕಣ್ಣು ತೋರಿಸಿದಳು.

ಶಿವಮಲ್ಲಪ್ಪನವರು ಎಲೆಯಡಿಕೆ ಜಗಿದು ಮುಗಿಸಿ ತೀರ್ಮಾನ ಹೇಳಿದರು. “ಎಬ್ಸಿ ನೋಡನ. ಊರು ಎದ್ದು ಬಂದ್ರೆ ಮುಂದ್ಲು ಕೋಣೆ ನಿಮ್ದು. ಏಳ್ನಿಲ್ವಾ, ಕರಿಬಸವಯ್ಯಂದು.”

ಗುರುಪಾದಸ್ವಾಮಿ ಹದಿನೈದು ದಿನ ಅಂಗಡಿಯ ಬಾಗಿಲು ಅರ್ಧ ಮುಚ್ಚಿಕೊಂಡು ಕೆಲಸ ಮಾಡಿದ. ಒಂದು ವೆಬ್ ಪುಟ ಕಟ್ಟಿದ. ಅದರಲ್ಲಿ ಹೊಸ ಮನೆಯ ಫೋಟೋಗಳು, ಕೆಳಗೆ ಫೋನ್ ನಂಬರು ಬರೆಯಲು ಒಂದು ಜಾಗ. ನಂಬರು ಬರೆದವರು ಅಬ್ಸರ್ವರುಗಳು. ‘ಊಟ’ ಎಂಬುದು ಆಬ್ಜೆಕ್ಟು. ಅದರ ಸ್ಥಿತಿಯನ್ನು ‘ಬೇಯುತ್ತಿದೆ’ ಎಂಬುದರಿಂದ ‘ಸಿದ್ಧ’ ಎಂದು ಬದಲಿಸಿದರೆ ಸಾಕು, ಅವನ ಲ್ಯಾಪ್‌ಟಾಪು ಪಟ್ಟಿಯಲ್ಲಿದ್ದ ನಂಬರುಗಳಿಗೆಲ್ಲ ಒಟ್ಟಿಗೇ ಫೋನು ಹಚ್ಚಿ, ಮಾವನವರದೇ ಧ್ವನಿಯಲ್ಲಿ ಊಟಕ್ಕೆ ಕರೆಯುತ್ತಿತ್ತು. ಮರ್ಯಾದೆಗೆ ಕುಂದು ಬರಬಾರದೆಂದು ಬರಿಯ ಮೆಸೇಜು ಬೇಡ, ಧ್ವನಿಯೇ ಆಗಬೇಕೆಂದು ಅವನು ಹಟ ಹಿಡಿದಿದ್ದ.

ಧ್ವನಿ ಹಿಡಿಯುವ ದಿನ ಶಿವಮಲ್ಲಪ್ಪನವರು ಫೋನನ್ನು ಬಾಯಿಯ ಮುಂದೆ ಹಿಡಿದು, ಹೊಲದ ಆ ಬದುವಿನಲ್ಲಿರುವ ಆಳನ್ನು ಕೂಗುವ ಹಾಗೆ ಕೂಗಿದರು. “ಶಿವಮಲ್ಲಪ್ಪ ಕರೀತಾವ್ನೆ, ಎಲ್ಲಾ ಊಟುಕ್ಕೆ ಎದ್ದು ಬನ್ನಿ.” ಆಮೇಲೆ ಅಳಿಯನ ಕಡೆ ತಿರುಗಿ, “ಇಷ್ಟು ಸಾಕಾ, ಇನ್ನೂ ಕೂಗ್ಬೇಕಾ?” ಎಂದರು. ಕೊನೆಯ ಮಾತು ಕೂಡ ಅದರಲ್ಲಿ ಸೇರಿಕೊಂಡಿತು. ಕತ್ತರಿಸಿ ತೆಗೆಯುವುದನ್ನು ಗುರುಪಾದಸ್ವಾಮಿ ಇನ್ನೂ ಕಲಿತಿರಲಿಲ್ಲ. ಮಾತಿನಲ್ಲಿ ತಪ್ಪೇನಿದೆ, ವಿನಯವಾಗಿಯೇ ಇದೆಯಲ್ಲ ಎಂದು ಹಾಗೆಯೇ ಬಿಟ್ಟ.

ಪುಟದ ವಿಳಾಸ ಬೇಗೂರಿನ ಫೋನುಗಳಿಗೆಲ್ಲ ಹೋಯಿತು. ಎಲ್ಲರೂ ನಂಬರು ಬರೆದರು. ಒಂದು ಸಣ್ಣ ತಪ್ಪು ಮಾತ್ರ ಒಳಗೆ ಉಳಿದಿತ್ತು. ಒಮ್ಮೆ ನಂಬರು ಬರೆದ ಫೋನು ಆ ಪುಟವನ್ನು ಮತ್ತೆ ತೆರೆದಾಗಲೆಲ್ಲ ಅದೇ ನಂಬರು ಹೊಸದಾಗಿ ಪಟ್ಟಿಗೆ ಸೇರುತ್ತಿತ್ತು. ಇದು ಯಾರಿಗೂ ಗೊತ್ತಿರಲಿಲ್ಲ, ಕಟ್ಟಿದವನಿಗೆ ಎಲ್ಲರಿಗಿಂತ ಕಡಿಮೆ ಗೊತ್ತಿತ್ತು. ಇತ್ತ ಕರಿಬಸವಯ್ಯ ಗೊಬ್ಬರದಂಗಡಿಯಲ್ಲಿ ಕೂತು, ಗಿರಾಕಿ ಇಲ್ಲದಾಗಲೆಲ್ಲ ಪುಟ ತೆರೆದು ಅಂಗಡಿ ಕೋಣೆಯ ಫೋಟೋವನ್ನು ಬೆರಳಿನಲ್ಲಿ ಹಿಗ್ಗಿಸಿ, ಗೋಡೆಯಿಂದ ಗೋಡೆಗೆ ಎಷ್ಟು ಮೂಟೆ ಹಿಡಿಸೀತೆಂದು ಕಣ್ಣಿನಲ್ಲೇ ಅಳೆಯುತ್ತಿದ್ದ.

ಒಕ್ಕಲ ಹಿಂದಿನ ದಿನ ಸಂಜೆ ಗುರುಪಾದಸ್ವಾಮಿ ಮಾವನ ಮನೆಯಲ್ಲಿ ಕೂತು ಒಂದು ಸಲ ಪರೀಕ್ಷೆ ಮಾಡಿ ನೋಡಿದ. ಗುಂಡಿ ಒತ್ತಿದ. ಬೀದಿಯಲ್ಲಿ ಅಲ್ಲಲ್ಲಿ ಫೋನುಗಳು ಕೂಗಿ ಸುಮ್ಮನಾದವು. ನಾಳೆಯ ಊಟಕ್ಕೆ ಈಗಲೇ ಕರೆಯುತ್ತಿದ್ದಾರೆಂದು ಊರಿನವರು ತಿಳಿದುಕೊಂಡರು. ಅವನು ತೃಪ್ತಿಯಿಂದ ಕಾಫಿ ಕುಡಿದು ಮಲಗಿದ.

ಬೆಳಗಾದಾಗ ಮಾವನ ಹಳೆಯ ಮನೆಯ ಜಗುಲಿಯ ಮೇಲೆ ಮಹದೇವಪ್ರಸಾದ್ ಬಂದು ಕೂತಿದ್ದರು. ಅವರು ಪಂಚಾಯಿತಿಯ ಮಾಜಿ ಅಧ್ಯಕ್ಷರು, ಶಿವಮಲ್ಲಪ್ಪನವರ ದೊಡ್ಡಪ್ಪನ ಮಗ, ಬಿಳಿ ಜುಬ್ಬದ ಮನುಷ್ಯ. ಮುಂದಿಟ್ಟ ಕಾಫಿ ಕೆನೆಗಟ್ಟಿತ್ತು. ಬೇಗೂರಿನಲ್ಲಿ ದಾಯಾದಿಯೊಬ್ಬ ಕಾಫಿ ಮುಟ್ಟದೆ ಕೂತಿದ್ದಾನೆಂದರೆ ಅದು ಪೊಲೀಸು ಕೇಸಿಗಿಂತ ದೊಡ್ಡ ವಿಷಯ.

“ನಿನ್ ಗಂಟ್ಲಲ್ಲೇ ಕೇಳ್ದೆ ಕಣ್ಲಾ ಶಿವಮಲ್ಲ,” ಎಂದರು ಮಹದೇವಪ್ರಸಾದ್. “ಒಂದೇ ಒಂದು ಸಲ ಕೂಗ್ಬುಟ್ಟು, ಇಷ್ಟು ಸಾಕಾ ಅಂತ ನನ್ನೇ ಕೇಳ್ತೀಯ. ಆ ಗೊಬ್ರದ ಕರಿಬಸವಯ್ಯಂಗೆ ಫೋನು ಬಿಸಿ ಆಗೋಗಂಟ ಕೂಗಿದ್ದೀಯಂತೆ. ನಾನೇನು ನಿಂಗೆ ಬೀದೀಲಿ ಸಿಕ್ಕಿದ್ನಾ?”

ಶಿವಮಲ್ಲಪ್ಪನವರಿಗೆ ತಲೆಬುಡ ತಿಳಿಯಲಿಲ್ಲ. ವಿಚಾರಿಸಿದರೆ ಮಾತು ನಿಜವಾಗಿತ್ತು. ಕರಿಬಸವಯ್ಯ ಬೆಳಗಿನಿಂದ ಅಂಗಡಿಗೆ ಬಂದವರಿಗೆಲ್ಲ ಯೂರಿಯಾ ತೂಗುವ ಮೊದಲು ತನಗೆ ಎಷ್ಟು ಸಲ ಕರೆ ಬಂತೆಂದು ಹೇಳಿ, ಶಿವಮಲ್ಲಪ್ಪನವರಿಗೆ ತನ್ನ ಮೇಲಿರುವ ಗೌರವವನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಿದ್ದ. ಒಂದು ಕರೆಯವರು, ಎರಡು ಕರೆಯವರು, ಐದು ಕರೆಯವರು ಎಂದು ಊರು ಆಗಲೇ ಬೇರೆಬೇರೆಯಾಗಿತ್ತು. ಅಣ್ಣತಮ್ಮಂದಿರು ಒಂದೇ ಮನೆಯೊಳಗೆ ಒಬ್ಬರ ಮುಖ ಒಬ್ಬರು ನೋಡದಾಗಿದ್ದರು.

ಮಾವ ಅಳಿಯನನ್ನು ನೋಡಿದರು. “ಏನ್ ಮಾಡ್ಬುಟ್ಟೆ ನೀನು?” ಎಂದರು. ಏಕವಚನ ಬಂದಿತ್ತು.

ಗುರುಪಾದಸ್ವಾಮಿ ಹಿತ್ತಲಿಗೆ ಓಡಿ ಭವ್ಯಳಿಗೆ ಫೋನು ಮಾಡಿದ. ಅವಳು ಕೇಳಿಸಿಕೊಂಡು ನಕ್ಕಳು. ಪುಟ ತೆರೆದಾಗಲೆಲ್ಲ ಅದೇ ನಂಬರು ಮತ್ತೆ ಸೇರುತ್ತಿದೆ, ಹೆಸರು ಸೇರಿಸುವ ಮೊದಲು ಆ ಹೆಸರು ಆಗಲೇ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು, ಎರಡು ಸಾಲು ಬರೆದರೆ ಸರಿಹೋಗುತ್ತದೆ, ಕರೆ ನಿಲ್ಲಿಸಲು ಒಂದು ದಾರಿಯನ್ನೂ ಇಟ್ಟುಕೊಳ್ಳಿ ಸರ್ ಎಂದು ಸಮಾಧಾನವಾಗಿ ಹೇಳಿದಳು. ಬುದ್ಧಿವಂತನಾಗಿದ್ದರೆ ಅವನು ಕೂತು ಆ ಎರಡು ಸಾಲು ಬರೆಯುತ್ತಿದ್ದ. ಆದರೆ ಗುರುಪಾದಸ್ವಾಮಿ ಯೋಚನೆ ಮಾಡಿದ. ಎಲ್ಲರಿಗೂ ಒಂದೇ ಕರೆ ಎಂದು ಮಾಡಿದರೆ ಕರಿಬಸವಯ್ಯನ ಕರೆಗಳನ್ನೆಲ್ಲ ಕಿತ್ತುಕೊಂಡ ಹಾಗಾಗುತ್ತದೆ. ಕೊಟ್ಟ ಮರ್ಯಾದೆಯನ್ನು ವಾಪಸು ಪಡೆದ ಮನೆ ಬೇಗೂರಿನಲ್ಲಿ ಇದುವರೆಗೆ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಳಿಸುವುದಕ್ಕಿಂತ ಏರಿಸುವುದೇ ಲೇಸು.

ಜಗುಲಿಗೆ ಬಂದು ಮಹದೇವಪ್ರಸಾದರ ಕಿವಿಯಲ್ಲಿ, ಬೇರೆ ಯಾರಿಗೂ ಹೇಳಬೇಡಿ ದೊಡ್ಡಮಾವ, ಆ ಪುಟವನ್ನು ತಾವು ಎಷ್ಟು ಸಲ ತೆರೆದು ನೋಡುತ್ತೀರೋ ಅಷ್ಟು ಸಲ ಕರೆ ಬರುತ್ತದೆ ಎಂದು ಉಸುರಿದ. ದೊಡ್ಡಮಾವ ಕಾಫಿಯ ಕೆನೆ ತೆಗೆದು ಕುಡಿದರು. ಜಗಳ ಮುಗಿಯಿತೆಂದು ಗುರುಪಾದಸ್ವಾಮಿ ನಿಟ್ಟುಸಿರು ಬಿಟ್ಟ.

ಬೇಗೂರಿನಲ್ಲಿ ಒಂದು ಮಾತು ಊರೆಲ್ಲ ಹರಡಬೇಕೆಂದರೆ ಎರಡು ದಾರಿಗಳಿವೆ. ಮೈಕು ಕಟ್ಟಿ ಸಾರುವುದು ನಿಧಾನದ ದಾರಿ. ಯಾರಿಗೂ ಹೇಳಬೇಡಿ ಎಂದು ಒಬ್ಬರಿಗೆ ಹೇಳುವುದು ಬೇಗದ ದಾರಿ. ಮಹದೇವಪ್ರಸಾದ್ ಮನೆ ಮುಟ್ಟುವ ಮೊದಲೇ ಗುಟ್ಟು ಊರಿನ ಆ ತುದಿಯಲ್ಲಿತ್ತು. ಅಲ್ಲಿಂದ ಮಧ್ಯಾಹ್ನದವರೆಗೆ ಊರಿನಲ್ಲಿ ಬೇರೆ ಯಾವ ಕೆಲಸವೂ ನಡೆಯಲಿಲ್ಲ. ಹೆಂಗಸರು ಒಲೆಯ ಮುಂದೆ, ಗಂಡಸರು ಕೊಟ್ಟಿಗೆಯಲ್ಲಿ, ಅಜ್ಜಂದಿರು ಮೊಮ್ಮಕ್ಕಳ ಕೈಯಲ್ಲಿ ಹಿಡಿಸಿಕೊಂಡು, ಪುಟದಲ್ಲಿದ್ದ ತೇಗದ ಬಾಗಿಲಿನ ಫೋಟೋವನ್ನು ತೆರೆದರು, ಮುಚ್ಚಿದರು, ತೆರೆದರು. ಇಷ್ಟೊಂದು ಸಲ ನೋಡಿಸಿಕೊಂಡ ಬಾಗಿಲು ಮೈಸೂರು ಅರಮನೆಯಲ್ಲೂ ಇರಲಾರದು.

ಹೊಸ ಮನೆಯಲ್ಲಿ ಹೋಮ ಮುಗಿಯಿತು, ಮಠದ ಸ್ವಾಮಿಗಳ ಪಾದಪೂಜೆ ಮುಗಿಯಿತು, ಹಾಲು ಉಕ್ಕಿತು. ಚಪ್ಪರದ ಕೆಳಗೆ ಸಾಲಾಗಿ ಬಾಳೆಲೆ ಹಾಕಿದರು. ಹೋಳಿಗೆ, ಪಾಯಸ, ಕೋಸಂಬರಿ, ಬೋಂಡ, ಎರಡು ಬಗೆಯ ಪಲ್ಯ, ಅನ್ನದ ಕೊಪ್ಪರಿಗೆಯ ಮೇಲೆ ಹಬೆ. ಮುಂದಿನ ಅಂಗಡಿ ಕೋಣೆಯಲ್ಲಿ ಒಂದು ಮೇಜು ಹಾಕಿ ಅದರ ಮೇಲೆ ಲ್ಯಾಪ್‌ಟಾಪು ಇಟ್ಟಿದ್ದರು. ಪುಟ್ಟಬಸಮ್ಮ ಅದಕ್ಕೂ ಮೂರು ಬೆರಳಿನ ವಿಭೂತಿ ಎಳೆದು ಚೆಂಡುಹೂವಿನ ಹಾರ ಹಾಕಿದ್ದರು. ಹೊಸ ಮನೆಗೆ ಇಂಟರ್‌ನೆಟ್ಟಿನ ತಂತಿ ಇನ್ನೂ ಬಂದಿರಲಿಲ್ಲವಾದ್ದರಿಂದ ಗುರುಪಾದಸ್ವಾಮಿ ತನ್ನ ಫೋನಿನಿಂದಲೇ ಲ್ಯಾಪ್‌ಟಾಪಿಗೆ ನೆಟ್ಟು ಕೊಟ್ಟು, ಫೋನನ್ನು ಜೇಬಿನಲ್ಲಿಟ್ಟುಕೊಂಡಿದ್ದ. ಮಾವ ತಲೆಯಾಡಿಸಿದರು. ಅವನು ದೇವರನ್ನು ನೆನೆದು ಗುಂಡಿ ಒತ್ತಿದ.

ಒಮ್ಮೆಲೇ ಬೇಗೂರಿನ ಬೀದಿಬೀದಿಯಲ್ಲಿ ಫೋನುಗಳು ಕೂಗತೊಡಗಿದವು. ಭಕ್ತಿಗೀತೆಯ ರಿಂಗು, ನಾಯಿ ಬೊಗಳುವ ರಿಂಗು, ಮಗು ಅಳುವ ರಿಂಗು, ಎಲ್ಲವೂ ಸೇರಿ ಸಂತೆಯಾಯಿತು. ಅದರ ಹಿಂದೆಯೇ ಮನೆಮನೆಯಿಂದ ಶಿವಮಲ್ಲಪ್ಪನವರ ಗಂಟಲು ಕೇಳಿಸಿತು. ಚಪ್ಪರದ ಕೆಳಗೆ ನಿಂತ ಶಿವಮಲ್ಲಪ್ಪನವರು ತಾವು ಇಷ್ಟೊಂದು ಮನೆಗಳಲ್ಲಿ ಒಟ್ಟಿಗೇ ಮಾತಾಡುತ್ತಿರುವುದನ್ನು ಕೇಳಿ ಮೀಸೆ ತಿರುವಿದರು. ಅಳಿಯನ ಬೆನ್ನು ತಟ್ಟಿದರು. ಅಡುಗೆಯವರು ಸೌಟು ಹಿಡಿದು ಎಲೆಯ ಮುಂದೆ ಸಿದ್ಧವಾದರು.

ಯಾರೂ ಬರಲಿಲ್ಲ.

ಫೋನುಗಳು ಕೂಗಿದವು, ನಿಂತವು, ಮತ್ತೆ ಕೂಗಿದವು. ಅನ್ನದ ಹಬೆ ಇಳಿಯಿತು. ಹೋಳಿಗೆ ತಣ್ಣಗಾಯಿತು. ಎಲೆಯ ಮೇಲೆ ನೊಣಗಳು ಮೊದಲ ಪಂಕ್ತಿಗೆ ಕೂತವು. ತಾವೂ ನಂಬರು ಬರೆದು, ಪುಟದಲ್ಲಿ ಹೊಸ ಮನೆಯ ಬಾಗಿಲನ್ನು ದಿನವೂ ಒಮ್ಮೆ ನೋಡಿ ಹಿಗ್ಗುತ್ತಿದ್ದ ಶಿವಮಲ್ಲಪ್ಪನವರ ಫೋನು ಕೂಡ ಕೂಗತೊಡಗಿತು. ಕಿವಿಗಿಟ್ಟುಕೊಂಡರೆ ಅವರೇ ಅವರನ್ನು ಊಟಕ್ಕೆ ಕರೆಯುತ್ತಿದ್ದರು. “ನಾನೇ ಕಣಯ್ಯ ಇಲ್ಲಿರೋದು, ಬ್ಯಾರೆಯೋರ್ನ ಕರಿ,” ಎಂದು ಎರಡು ಸಲ ತಾಳ್ಮೆಯಿಂದ ಹೇಳಿದರು. ಮೂರನೆಯ ಸಲ ಫೋನನ್ನು ಕುಂಬಳಕಾಯಿಯ ಬುಟ್ಟಿಗೆ ಎಸೆದರು.

ಸಂಗತಿ ಏನೆಂದು ನೋಡಿ ಬರಲು ನಾಗಲಕ್ಷ್ಮಿ ಹಿತ್ತಲ ದಾರಿಯಿಂದ ಹೋದಳು. ಬಂದು ವರದಿ ಒಪ್ಪಿಸಿದಳು. ಊರೆಲ್ಲ ಉಟ್ಟು ತೊಟ್ಟು ಸಿದ್ಧವಾಗಿಯೇ ಕೂತಿದೆ. ಮಹದೇವಪ್ರಸಾದ್ ಜುಬ್ಬ ಹಾಕಿ, ತೊಡೆಯ ಮೇಲೆ ಫೋನಿಟ್ಟುಕೊಂಡು, ಕರೆ ಬಂದಂತೆಲ್ಲ ಬೆರಳು ಮಡಿಸುತ್ತಿದ್ದಾರೆ. ಅವರ ಹೆಂಡತಿ ಹೊಟ್ಟೆ ಹಸಿದು ಏಳಿ ಎಂದದ್ದಕ್ಕೆ, “ಇನ್ನೂ ಕರೀತಾವ್ರೆ, ಮಧ್ಯದಲ್ಲಿ ಎದ್ದೋದ್ರೆ ನಮ್ಗೆ ಇಷ್ಟೇ ಬಂದದ್ದು ಅಂದ್ಕಳಲ್ವಾ ಊರೋರು?” ಎಂದು ಗದರಿದ್ದಾರೆ. ಕರಿಬಸವಯ್ಯ ಕಿಟಕಿಯ ಸಂದಿಯಿಂದ ಮಹದೇವಪ್ರಸಾದರ ಬಾಗಿಲನ್ನೇ ನೋಡುತ್ತ ನಿಂತಿದ್ದಾನೆ. ಎಲ್ಲ ಮನೆಯಲ್ಲೂ ಇದೇ ಕತೆ. ಮೊದಲು ಎದ್ದವನೇ ಕಡಿಮೆ ಕರೆಯವನು ಎಂದು ಊರಿಗೆ ಊರೇ ತೀರ್ಮಾನ ಮಾಡಿಕೊಂಡಿದೆ. ಕರೆ ಬರುತ್ತಿರುವಷ್ಟು ಹೊತ್ತು ಒಬ್ಬನೂ ಏಳುವುದಿಲ್ಲ.

ಪುಟ್ಟಬಸಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, “ಕೂಗ್ತಾನೇ ಇದ್ರೆ ಯಾರಪ್ಪ ಏಳ್ತಾರೆ? ಕೂಗೋದ ನಿಲ್ಸು,” ಎಂದರು. ಆದರೆ ನಿಲ್ಲಿಸುವ ದಾರಿಯನ್ನು ಗುರುಪಾದಸ್ವಾಮಿ ಬರೆದಿರಲಿಲ್ಲ. ಲ್ಯಾಪ್‌ಟಾಪಿನ ಮುಚ್ಚಳವನ್ನೇ ಮುಚ್ಚೋಣವೆಂದು ಕೈ ಚಾಚಿದವನು ಹಿಂದಕ್ಕೆ ಎಳೆದುಕೊಂಡ. ನಡುವೆ ನಿಂತರೆ ಯಾರ ಪಾಲಿನ ಕರೆ ಬಾಕಿ ಉಳಿಯುತ್ತದೋ, ಅವರ ಮನೆಯ ಬಾಗಿಲು ಈ ಮನೆಗೆ ಎಂದೆಂದಿಗೂ ಮುಚ್ಚಿದ ಹಾಗೆ. ಅತ್ತ ದರಿ, ಇತ್ತ ಪುಲಿ. ಅವನು ಹಾರ ಹಾಕಿದ ಲ್ಯಾಪ್‌ಟಾಪಿನ ಮುಂದೆ ಕೈ ಕಟ್ಟಿಕೊಂಡು ನಿಂತ. ಇಷ್ಟು ಅನ್ನ ಮಿಕ್ಕರೆ ಮಾವನ ಮುಖ ಹೇಗೆ ನೋಡುವುದೆಂದು ಅವನಿಗೆ ನಿಜಕ್ಕೂ ಅಳು ಬಂತು.

ಶಿವಮಲ್ಲಪ್ಪನವರು ಒಳಗೆ ಬಂದರು. ದನಿ ಎತ್ತರಿಸಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸಿತು. “ಒಕ್ಕಲ ದಿನ ಅನ್ನ ತಿಪ್ಪೆಗೆ ಹೊತ್ರೆ ನಾನು ಬೇಗೂರಲ್ಲಿ ತಲೆ ಎತ್ತಂಗಿಲ್ಲ. ಕೋಣೆ ಕರಿಬಸವಯ್ಯಂಗೆ ಆಯ್ತು ಬುಡು. ಈಗ ನೀನು ಹೋಗು. ಕಾಲಲ್ಲಿ ನಡ್ಕಂಡು ಹೋಗಿ, ಕೈ ಮುಗಿದು ಕರ್ಕಂಡು ಬಾ.”

ಗುರುಪಾದಸ್ವಾಮಿ ಕೊರಳ ಚೀಟಿಯನ್ನು ತೆಗೆದು ಮೇಜಿನ ಮೇಲಿಟ್ಟ. ಚಪ್ಪಲಿ ಮೆಟ್ಟಿದ. ನೆತ್ತಿಯ ಮೇಲೆ ಸೂರ್ಯ, ಸುತ್ತ ಎಲ್ಲ ಮನೆಯಿಂದ ಮಾವನ ಗಂಟಲು. ರಸ್ತೆ ಬಾಯಿ ತೆರೆದು ಅವನನ್ನು ನುಂಗಿಕೊಂಡಿತು ಎಂದು ಬೇರೆ ಯಾರಾದರೂ ಬರೆದಾರು. ನಿಜ ಹೇಳಬೇಕೆಂದರೆ ಅವನು ಬೇವಿನ ಮರದ ನೆರಳು ಹುಡುಕಿಕೊಂಡು, ಗೋಡೆಯ ಪಕ್ಕಕ್ಕೇ ಒತ್ತಿಕೊಂಡು, ಕೆಳಗಲ ಬೀದಿಯ ಮೂಲೆ ತಿರುಗಿದ.

ಮೂಲೆ ತಿರುಗಿದ್ದೇ ತಡ, ಊರು ಗಪ್ಪೆಂದಿತು. ಒಂದು ಫೋನೂ ಕೂಗಲಿಲ್ಲ. ಯಾವ ಮನೆಯಿಂದಲೂ ಶಿವಮಲ್ಲಪ್ಪನವರ ಧ್ವನಿ ಕೇಳಲಿಲ್ಲ.

ಒಂದು ಗಳಿಗೆ ಕಳೆಯಿತು. ಮಹದೇವಪ್ರಸಾದರ ಬಾಗಿಲು ಕಿರ್ರೆಂದಿತು. ಎದುರಿನ ಕರಿಬಸವಯ್ಯನ ಬಾಗಿಲೂ ಕಿರ್ರೆಂದಿತು. ಇಬ್ಬರೂ ಒಂದೇ ಸಲ ಹೊಸ್ತಿಲು ದಾಟಿ, ಒಬ್ಬರನ್ನೊಬ್ಬರು ನೋಡಿ, ಇಬ್ಬರಿಗೂ ಒಟ್ಟಿಗೇ ಕರೆ ಮುಗಿದದ್ದನ್ನು ಕಂಡು ಸಮಾಧಾನದಿಂದ ಕೆಮ್ಮಿದರು. ಆಮೇಲೆ ಬೀದಿಯ ಉದ್ದಕ್ಕೂ ಬಾಗಿಲುಗಳು ತೆರೆದುಕೊಂಡವು. ಇಸ್ತ್ರಿ ಪಂಚೆಗಳು, ರೇಷ್ಮೆ ಸೀರೆಗಳು, ಎಣ್ಣೆ ಹಚ್ಚಿ ಬಾಚಿದ ಮಕ್ಕಳ ತಲೆಗಳು, ಎಲ್ಲವೂ ಹಸಿದು ಕಂಗೆಟ್ಟು, ಆದರೂ ಯಾವ ಅವಸರವೂ ಇಲ್ಲದವರ ಹಾಗೆ ಮೆಲ್ಲಗೆ ಹೊರಬಂದವು. ನಡುಬೀದಿಯಲ್ಲಿ ನಿಂತ ಗುರುಪಾದಸ್ವಾಮಿ ಕೈ ಮುಗಿಯಲು ಎತ್ತಿದವನು ಹಾಗೆಯೇ ನಿಂತ.

“ಬತ್ತಾನೇ ಇದ್ವಿ ಕಣಪ್ಪ,” ಎಂದರು ಮಹದೇವಪ್ರಸಾದ್, ಬೆರಳು ಮಡಿಸಿದ್ದ ಕೈಯನ್ನು ಜುಬ್ಬದ ಜೇಬಿನಲ್ಲಿ ಬಚ್ಚಿಟ್ಟುಕೊಂಡು. “ಇಷ್ಟು ಬಿಸ್ಲಲ್ಲಿ ನೀನ್ಯಾಕೆ ಬರಾಕೋದೆ?”

ಚಪ್ಪರದ ಕೆಳಗೆ ನಿಂತ ಶಿವಮಲ್ಲಪ್ಪನವರಿಗೆ ಕಂಡದ್ದು ಇಷ್ಟು. ಅಳಿಯ ಮೂಲೆ ತಿರುಗಿದ. ಕೆಮ್ಮುವಷ್ಟು ಹೊತ್ತಿನಲ್ಲಿ ಅದೇ ಮೂಲೆಯಿಂದ ಅಳಿಯ ಮುಂದೆ, ಇಡೀ ಊರು ಹಿಂದೆ ಬಂತು. ಒಂದು ಪಂಕ್ತಿ ಏಳುವುದರೊಳಗೆ ಇನ್ನೊಂದು ಪಂಕ್ತಿ ನುಗ್ಗಿತು. ಎಲೆ ಸಾಲದೆ ಹಿತ್ತಲಿನ ಬಾಳೆಯನ್ನು ಕಡಿದು ತಂದರು. ಅಷ್ಟು ಹೊತ್ತು ಕಾದವರು ತಣ್ಣಗಿದ್ದ ಹೋಳಿಗೆಯನ್ನು ತಣ್ಣಗಿದೆ ಎನ್ನಲಿಲ್ಲ. ಕೊಪ್ಪರಿಗೆಯ ತಳ ಕಂಡಿತು. ನಮ್ಮ ಜನ್ಮದಲ್ಲಿ ಇಷ್ಟು ಸಲ ಕರೆದು ಊಟ ಹಾಕಿದವರಿಲ್ಲ ಎಂದು ಕೈ ತೊಳೆಯುತ್ತ ಎಲ್ಲರೂ ಹೇಳಿದರು. ಶಿವಮಲ್ಲಪ್ಪನವರು ಒಬ್ಬೊಬ್ಬರಿಗೂ ಎಲೆಯಡಿಕೆ ಕೊಡುತ್ತ ಕಣ್ತುಂಬಿಕೊಂಡರು.

ಗುರುಪಾದಸ್ವಾಮಿ ಅಂಗಡಿ ಕೋಣೆಗೆ ಬಂದು ನೋಡಿದ. ಲ್ಯಾಪ್‌ಟಾಪಿನ ಮೇಲೆ, ಇಂಟರ್‌ನೆಟ್ ಸಂಪರ್ಕ ಕಡಿದಿದೆ ಎಂಬ ಸಾಲು ಮಿನುಗುತ್ತಿತ್ತು. ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಫೋನು ಅಲ್ಲಿಯೇ ಇತ್ತು. ನೆಟ್ಟು ಅವನ ಜೇಬಿನಲ್ಲಿ ಕೂತು ಬೀದಿ ತಿರುಗಿತ್ತು, ಮೂಲೆ ದಾಟಿದ ಮೇಲೆ ಲ್ಯಾಪ್‌ಟಾಪಿನ ಕೈಗೆ ಸಿಕ್ಕಿರಲಿಲ್ಲ, ಎಲ್ಲರ ಕರೆಯೂ ಒಂದೇ ಗಳಿಗೆಗೆ ನಿಂತಿತ್ತು. ಮುಚ್ಚಳ ಮುಚ್ಚಲು ಹೆದರಿದವನು ತನಗೆ ತಿಳಿಯದೆಯೇ ಅದನ್ನು ನಿಲ್ಲಿಸಿದ್ದ. ಈ ಸತ್ಯವನ್ನು ಮಾವನಿಗೆ ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಮಾವನೇ ಬಾಗಿಲಿಗೆ ಬಂದರು.

“ಅಳಿಯಂದ್ರೇ, ನಿಮ್ ಪೆಟ್ಗೆ ದಿನವೆಲ್ಲಾ ಕೂಗಿದ್ರೂ ಒಬ್ಬ ಏಳ್ನಿಲ್ಲ. ನೀವು ನಾಕು ಹೆಜ್ಜೆ ನಡೆದ್ರಿ, ಊರೇ ಎದ್ದು ಬಂತು. ನಿಮ್ ಕಾಲಲ್ಲಿ ಏನೋ ಅದೆ. ಕೋಣೆ ನಿಮ್ಗೇ ಇರ್ಲಿ.”

ಬಹುವಚನ ತಿರುಗಿ ಬಂದಿತ್ತು. ಗುರುಪಾದಸ್ವಾಮಿ ತೆರೆದ ಬಾಯನ್ನು ಮುಚ್ಚಿಕೊಂಡು ಮಾವನ ಪಾದ ಮುಟ್ಟಿ ನಮಸ್ಕಾರ ಮಾಡಿದ. ಮಾವ ಒಂದೇ ಒಂದು ಷರತ್ತು ಹಾಕಿದರು. ಅಂಗಡಿಯ ಪೂಜೆಗೆ ಊರನ್ನು ಕರೆಯುವಾಗ ಪೆಟ್ಟಿಗೆಯನ್ನು ಮುಟ್ಟಬಾರದು, ಕಾಲಿನಲ್ಲೇ ನಡೆದು ಕರೆಯಬೇಕು. ಇಷ್ಟೇ ತಾನೇ ಎಂದು ಅವನು ಸಂತೋಷದಿಂದ ಒಪ್ಪಿದ.

ಮುಂದಿನ ಸೋಮವಾರ ಪೂಜೆ. ತಿರುಗುವ ಕುರ್ಚಿ ಬಂತು, ಬೋರ್ಡು ಏರಿತು. ಈ ಸಲ ಅದರ ಕೆಳಗೆ ಹಳೆಯ ಬಣ್ಣ ಯಾವುದೂ ಇರಲಿಲ್ಲ. ಬೆಳಿಗ್ಗೆಯೇ ಗುರುಪಾದಸ್ವಾಮಿ ಹೊಸ ಪಂಚೆ ಉಟ್ಟು ಕರೆಯಲು ಹೊರಟ. ಊರಿನವರೆಲ್ಲ ಬರುತ್ತೇವೆಂದು ಹೇಳಿದರು, ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಆದರೆ ಪೂಜೆಯ ಹೊತ್ತಾದರೂ ಬೀದಿ ಖಾಲಿಯಿತ್ತು. ಮಹದೇವಪ್ರಸಾದ್ ಮತ್ತು ಕರಿಬಸವಯ್ಯ ಮೊದಲು ಎದ್ದು ಹೊರಡಲಿ ಎಂದು ಉಳಿದವರು ತಮ್ಮ ಜಗುಲಿಯ ಮೇಲೆ ಕಾಯುತ್ತಿದ್ದರು. ಗುರುಪಾದಸ್ವಾಮಿ ಮತ್ತೆ ಮಹದೇವಪ್ರಸಾದರ ಬಾಗಿಲಿಗೆ ಹೋದ. ಅವರು ಜುಬ್ಬ ಹಾಕಿಕೊಂಡೇ ಕೂತಿದ್ದರು.

“ಇದು ಎಷ್ಟನೇ ಸಲ?” ಎಂದು ಕೇಳಿದರು.

“ಮೂರನೇದು ದೊಡ್ಡಮಾವ.”

“ಕರಿಬಸವಯ್ಯನ ಮನೆಗೆ?”

“ಅಲ್ಲಿಗೂ ಮೂರೇ.”

“ಹಂಗಾದ್ರೆ ಇನ್ನೊಂದು ಸಲ ಬಂದೋಗು. ಆಮೇಲೆ ಎದ್ದೇಳ್ತೀನಿ.”

ಗುರುಪಾದಸ್ವಾಮಿ ಬೀದಿ ದಾಟಿ ಎದುರಿನ ಮನೆಗೆ ಹೋದ. ಕರಿಬಸವಯ್ಯನೂ ಸಿದ್ಧನಾಗಿಯೇ ಇದ್ದ. ಕೋಣೆ ಕೈತಪ್ಪಿದ್ದಕ್ಕೆ ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ, ತುಂಬ ಒಳ್ಳೆಯ ಮನುಷ್ಯ. ಎದುರು ಮನೆಗೆ ಎಷ್ಟು ಸಲ ಹೋದಿರಿ ಎಂದು ಮಾತ್ರ ಕೇಳಿದ. ನಾಲ್ಕನೆಯದಕ್ಕೆ ಹೋಗಬೇಕು ಎಂದು ತಿಳಿದ ಮೇಲೆ, ತನಗೆ ಐದಾದರೂ ಆಗಬೇಕು, ಒಕ್ಕಲ ದಿನದ ಮರ್ಯಾದೆಯನ್ನು ಉಳಿಸಿಕೊಳ್ಳಬೇಕಲ್ಲ ಅಣ್ಣ ಎಂದು ಬಹಳ ವಿನಯದಿಂದ ಹೇಳಿ, ಕುಡಿಯಲು ನೀರು ಕೊಟ್ಟ.

ಅವನು ಬೀದಿಯ ಈಚೆಗೆ ಬಂದ, ಆಚೆಗೆ ಹೋದ, ಮತ್ತೆ ಈಚೆಗೆ ಬಂದ. ಹೊಸ ಅಂಗಡಿಯ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ನಾಗಲಕ್ಷ್ಮಿಗೆ ಕರ್ಪೂರ ಕರಗಿಹೋಗುವ ಚಿಂತೆ. ಬೀದಿಯ ಮೂಲೆಗೆ ಬಂದು, ಗಂಡ ಎದುರಿಗೆ ಹಾದುಹೋಗುವಾಗ, ಕರೆಯುವುದಕ್ಕೆ ಇನ್ನು ಎಷ್ಟು ಮನೆ ಉಳಿದಿವೆ ಎಂದು ಕೇಳಿದಳು.

ಗುರುಪಾದಸ್ವಾಮಿ ನಿಲ್ಲದೆಯೇ ಬೆವರು ಒರೆಸಿಕೊಂಡು ಹೇಳಿದ. “ಮನೆ ಎರಡೇ ಕಣೆ. ಎಷ್ಟು ಸಲ ಅಂತ ಮಾತ್ರ ಕೇಳ್ಬ್ಯಾಡ.”